ಕತಾರ್‌ಗಾಮ್‌ನ ಹಿರಿಯರು: ಒಡನಾಟ, ಆರೋಗ್ಯ ಮತ್ತು ಮತ

ಸೂರತ್ ನಗರದ ಉತ್ತರ ಭಾಗದಲ್ಲಿ, ತಾಪಿ ನದಿಯ ಹತ್ತಿರ ಇರುವ ಕತಾರ್‌ಗಾಮ್ ಒಂದು ಕಾಲಕ್ಕೆ ತರಕಾರಿ ಬೆಳೆಯುವ ಹಳ್ಳಿ. ಚಳಿಗಾಲದ ಖಾದ್ಯವಾದ ಉಂಧಿಯುವಿಗೆ ಇಲ್ಲಿನ ಪಾಪಡಿ ಅವರೆಯೇ ಬೇಕೆಂದು ಸೂರತ್ತಿನ ಅಡುಗೆಮನೆಗಳು ಇಂದಿಗೂ ಹಟ ಹಿಡಿಯುತ್ತವೆ. ಆ ಅವರೆ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ವಜ್ರ ಸಾಣೆ ಹಿಡಿಯುವ ಕಾರ್ಖಾನೆಗಳು, ವಿದ್ಯುತ್ ಮಗ್ಗದ ಶೆಡ್ಡುಗಳು ಮತ್ತು ಇಲ್ಲಿನವರು ‘ಸೊಸೈಟಿ’ ಎಂದು ಕರೆಯುವ ವಸತಿ ಸಮೂಹಗಳು ಒತ್ತೊತ್ತಾಗಿ ನಿಂತಿವೆ. ಈ ಸೊಸೈಟಿಗಳಲ್ಲಿ ವಯಸ್ಸಾದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ದುಡಿಯಲು ಬಂದ ಒಂದು ಇಡೀ ಪೀಳಿಗೆ ಇಲ್ಲಿಯೇ ಮುದಿಯಾಗಿದೆ. ಮಕ್ಕಳ ಹಿಂದೆ ಊರು ಬಿಟ್ಟು ಬಂದ ತಂದೆತಾಯಂದಿರು ಇವರ ಜೊತೆಗೆ ಸೇರಿದ್ದಾರೆ.

ನಿವೃತ್ತರ ಬಡಾವಣೆ ಎಂದರೆ ಇಂದು ಕಣ್ಣಿಗೆ ಬರುವ ಚಿತ್ರವೇ ಬೇರೆ. ಅಮೆರಿಕದ ಅರಿಜೋನಾದಲ್ಲಿ 1960ರ ಜನವರಿ 1ರಂದು ತೆರೆದ ಸನ್ ಸಿಟಿ ಅದಕ್ಕೆ ಮಾದರಿ: ವಯಸ್ಸಿನ ಮಿತಿ ಹಾಕಿ ಮಾರಿದ ಮನೆಗಳು, ಆಟದ ಬಯಲು, ಕ್ಲಬ್ಬು. ಭಾರತದಲ್ಲಿ ಕೊಯಮತ್ತೂರು, ಬೆಂಗಳೂರು, ಪುಣೆಗಳ ಹೊರವಲಯದಲ್ಲಿ ಇಂಥವು ಎದ್ದಿವೆ. ಇವುಗಳ ನಿರ್ಮಾಣ, ನಿರ್ವಹಣೆಗೆ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನೂ ಹೊರಡಿಸಿತು. ಆದರೆ ಪಿಂಚಣಿಯೋ ಕೂಡಿಟ್ಟ ದೊಡ್ಡ ಮೊತ್ತವೋ ಇಲ್ಲದವರಿಗೆ ಆ ಗೇಟು ತೆರೆಯುವುದಿಲ್ಲ. ನಗರಗಳ ಎಷ್ಟೋ ಹಿರಿಯರು ಬಾಳುವುದು ಕತಾರ್‌ಗಾಮ್‌ನಂಥ ಕಡೆ, ದುಡಿಮೆಯ ನಡುವೆಯೇ. ಅಲ್ಲಿ ಮುಪ್ಪಿಗೆ ಬೇಕಾದ ಸಂಗಾತ, ಔಷಧಿ, ದನಿ ಇವು ಹೇಗೆ ಒದಗುತ್ತವೆ, ಎಲ್ಲಿ ತಪ್ಪುತ್ತವೆ ಎಂಬುದು ನೋಡಬೇಕಾದ ವಿಷಯ.

ಕತಾರ್‌ಗಾಮ್ ಮತ್ತು ಪಕ್ಕದ ವರಾಛಾದ ನಿವಾಸಿಗಳಲ್ಲಿ ದೊಡ್ಡ ಪಾಲು ಸೌರಾಷ್ಟ್ರದ ಅಮ್ರೇಲಿ, ಭಾವನಗರ ಕಡೆಯ ಪಾಟೀದಾರ ಸಮುದಾಯದವರದು. ಸೂರತ್ತಿನವರು ಇವರನ್ನು ಕಾಠಿಯಾವಾಡಿಗಳೆಂದೇ ಕರೆಯುತ್ತಾರೆ. ಮಳೆ ನೆಚ್ಚಿದ ಒಣಭೂಮಿಯಿಂದ 1960ರ ದಶಕದಿಂದಲೇ ಯುವಕರು ವಜ್ರದ ಕೆಲಸಕ್ಕೆ ಬರತೊಡಗಿದ್ದರು. 1980ರ ದಶಕದ ನಡುವಿನ ಸಾಲುಸಾಲು ಬರ ಆ ಹರಿವನ್ನು ಪ್ರವಾಹ ಮಾಡಿತು. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತು ಹೊಳಪು ಪಡೆಯುವುದು ಸೂರತ್ ಸೀಮೆಯಲ್ಲಿ ಎನ್ನುತ್ತಾರೆ. ಆ ಹೆಸರಿನ ಹಿಂದೆ ಇರುವವರು ‘ಘಂಟಿ’ ಎಂಬ ತಿರುಗುಗಲ್ಲಿನ ಸುತ್ತ ಕೂತು ದಿನವಿಡೀ ಕಣ್ಣಿಗೆ ಭೂತಗನ್ನಡಿ ಹಿಡಿದ ರತ್ನ ಕಲಾಕಾರರು.

ಈ ಕೆಲಸಕ್ಕೆ ನಿವೃತ್ತಿಯ ವಯಸ್ಸು ಎಂಬುದಿಲ್ಲ. ಕೂಲಿ ಲೆಕ್ಕವಾಗುವುದು ತುಂಡಿನ ಮೇಲೆ. ದೃಷ್ಟಿ ಮಂಜಾದಂತೆ, ಬೆನ್ನು ಕುತ್ತಿಗೆ ಸೋತಂತೆ ತುಂಡುಗಳು ಕಡಿಮೆಯಾಗುತ್ತವೆ, ಕೂಲಿಯೂ ಇಳಿಯುತ್ತದೆ. ಹಾಗಾಗಿ ಅರವತ್ತಕ್ಕೆ ಬಹಳ ಮುಂಚೆಯೇ ಘಂಟಿಯಿಂದ ಏಳುವವರು ಹೆಚ್ಚು. ಸಣ್ಣ ಕಾರ್ಖಾನೆಗಳಲ್ಲಿ ಭವಿಷ್ಯನಿಧಿ, ಗ್ರಾಚ್ಯುಯಿಟಿ ದಕ್ಕುವವರು ವಿರಳ. ಬೆಂಗಳೂರಿನಲ್ಲೋ ವಡೋದರಾದಲ್ಲೋ ಬ್ಯಾಂಕು, ರೈಲ್ವೆ, ತೈಲ ಕಂಪನಿಯಿಂದ ನಿವೃತ್ತರಾದವರಿಗೆ ತಿಂಗಳ ಒಂದನೆಯ ತಾರೀಖು ಎಂಬುದೊಂದು ಆಸರೆ. ಕತಾರ್‌ಗಾಮ್‌ನ ಮುದುಕನಿಗೆ ಮಗನ ಗಳಿಕೆಯೇ ಪಿಂಚಣಿ. ವಜ್ರದ ಮಾರುಕಟ್ಟೆ ಕುಸಿದಾಗ, 2008ರಲ್ಲಿ ಆದಂತೆ, ಈಚಿನ ವರ್ಷಗಳಲ್ಲಿ ಮತ್ತೆ ಆದಂತೆ, ಮಗನ ಕೆಲಸದ ಜೊತೆಗೆ ಅಪ್ಪನ ಔಷಧಿಯೂ ನಿಲ್ಲುತ್ತದೆ. ಮುಪ್ಪಿನ ಆರೋಗ್ಯದ ಬಗ್ಗೆ ಮಾತಾಡುವಾಗ ಈ ಕೊಂಡಿಯನ್ನು ಕಡೆಗಣಿಸಿದರೆ ಉಳಿದೆಲ್ಲ ಮಾತು ಟೊಳ್ಳು.

ಹೆಂಗಸರ ವಿಚಾರ ಇನ್ನೂ ಬೇರೆ. ಸೀರೆಗೆ ಹರಳು ಅಂಟಿಸುವುದು, ಲೇಸು ಹೊಲಿಯುವುದು, ಎಳೆ ಕತ್ತರಿಸುವುದು ಮುಂತಾದ ಕೆಲಸವನ್ನು ಸೂರತ್ತಿನ ಜವಳಿ ಪೇಟೆ ಮನೆಮನೆಗೆ ಹಂಚುತ್ತದೆ. ಸೊಸೆಯ ಪಕ್ಕದಲ್ಲಿ ಅತ್ತೆಯೂ ಕೂತು ಅದನ್ನೇ ಮಾಡುತ್ತಾಳೆ. ಅವಳಿಗೆ ನಿವೃತ್ತಿ ಎಂಬ ಪದವೇ ಅನ್ವಯಿಸದು. ಅಡುಗೆ, ಮೊಮ್ಮಕ್ಕಳು, ಈ ಬಿಡಿಕೆಲಸ, ಮೂರೂ ಕೈಕಾಲು ಆಡುವ ತನಕ ನಡೆಯುತ್ತವೆ. ಇದು ಯಾವ ಲೆಕ್ಕಪತ್ರದಲ್ಲೂ ದುಡಿಮೆಯೆಂದು ದಾಖಲಾಗುವುದಿಲ್ಲ.

ಒಡನಾಟದ ವಿಷಯಕ್ಕೆ ಬಂದರೆ, ಕತಾರ್‌ಗಾಮ್ ಶ್ರೀಮಂತ. ಸೊಸೈಟಿಯ ಗೇಟಿನ ಒಳಗೂ ರಸ್ತೆಯಂಚಿನಲ್ಲೂ ಸಿಮೆಂಟಿನ ಬೆಂಚುಗಳಿರುತ್ತವೆ, ಗುಜರಾತಿಯಲ್ಲಿ ‘ಬಾಂಕಡೊ’. ಬೆಳಗ್ಗೆ ಬಿಸಿಲು ಏರುವ ಮುನ್ನ ಮತ್ತು ಸಂಜೆ ಕಾರ್ಖಾನೆ ಬಿಡುವ ಹೊತ್ತಿಗೆ ಅವು ದಾದಾಗಳಿಂದ, ಎಂದರೆ ಅಜ್ಜಂದಿರಿಂದ, ತುಂಬುತ್ತವೆ. ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಬಾಗಳ ಸರದಿ. ‘ಬಾ’ ಎಂದರೆ ಅಲ್ಲಿ ತಾಯಿ, ಅಜ್ಜಿ, ಬೀದಿಯ ಯಾವುದೇ ಹಿರಿಯಳು. ಕೀರ್ತನ ಮಂಡಳಿ, ಸತ್ಸಂಗ, ಏಕಾದಶಿಯ ಭಜನೆ ಇವು ಹೆಂಗಸರಿಗೆ ಮನೆಯಿಂದ ಹೊರಬರಲು ಎಲ್ಲರೂ ಒಪ್ಪಿದ ಕಾರಣಗಳು. ವೇಡ್ ರಸ್ತೆಯ ಸ್ವಾಮಿನಾರಾಯಣ ಗುರುಕುಲದಂಥ ಕೇಂದ್ರಗಳು ಈ ಭಾಗದಲ್ಲಿ ಇದಕ್ಕೆ ನೆಲೆ. ಭಕ್ತಿಯ ಪಾಲು ಎಷ್ಟೋ, ಪರಸ್ಪರ ಮುಖ ನೋಡಿ ‘ನಿನ್ನೆ ಏಕೆ ಬರಲಿಲ್ಲ’ ಎಂದು ವಿಚಾರಿಸುವುದರ ಪಾಲೂ ಅಷ್ಟೇ.

ಈ ವಿಚಾರಣೆಯೇ ಔಷಧಿಯಷ್ಟು ಮುಖ್ಯ ಎಂಬುದಕ್ಕೆ ಸಂಶೋಧನೆಯ ಬೆಂಬಲ ಗಟ್ಟಿಯಾಗಿದೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಹೋದ್ಯೋಗಿಗಳು 2010ರಲ್ಲಿ ಒಟ್ಟು 148 ಅಧ್ಯಯನಗಳನ್ನು ಸೇರಿಸಿ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ತೂಗಿ ನೋಡಿದರು. ಗಟ್ಟಿ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಅರ್ಧದಷ್ಟು ಹೆಚ್ಚು ಎಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ರಕ್ತದೊತ್ತಡ ಅಳೆಯುವ ಹಾಗೆ ಒಂಟಿತನವನ್ನು ಅಳೆಯುವ ಪದ್ಧತಿ ನಮ್ಮ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬೇರೂರಿಲ್ಲ. ಬೆಂಚಿನ ಮೇಲಿನ ಗೆಳೆಯರು ಆ ಕೆಲಸವನ್ನು ಹೆಸರಿಲ್ಲದೆ ಮಾಡುತ್ತಿದ್ದಾರೆ.

ಬೆಂಚಿಗಿಂತ ದೊಡ್ಡ ಬಲೆ ಊರಿನ ಹೆಸರಿನ ಮಂಡಳಿಗಳದು. ಸೌರಾಷ್ಟ್ರದ ಒಂದೊಂದು ಹಳ್ಳಿಯವರೂ ಸೂರತ್ತಿನಲ್ಲಿ ತಮ್ಮದೇ ಮಿತ್ರಮಂಡಳ ಕಟ್ಟಿಕೊಂಡಿದ್ದಾರೆ. ವರ್ಷಕ್ಕೊಮ್ಮೆ ಸ್ನೇಹಮಿಲನ, ಸಾಮೂಹಿಕ ವಿವಾಹ, ಸತ್ತವರ ಮನೆಗೆ ಕೂಡಿ ಹೋಗುವುದು, ಆಸ್ಪತ್ರೆಗೆ ಸೇರಿದವರಿಗೆ ರಕ್ತ ಮತ್ತು ಹಣ ಹೊಂದಿಸುವುದು ಎಲ್ಲವೂ ಇದರ ಮೂಲಕ. ಊರಿನ ಕೆರೆಕಟ್ಟೆಗಳಿಗೂ ಇದೇ ಹಣ ಹರಿದಿದೆ. ಭಾವನಗರ ಸೀಮೆಯ ಖೋಪಾಳಾ ಗ್ರಾಮದಿಂದ ಬಂದು ಸೂರತ್ತಿನಲ್ಲಿ ವಜ್ರೋದ್ಯಮಿಯಾದ ಮಥುರಭಾಯಿ ಸವಾಣಿ ಕಟ್ಟಿದ ಸೌರಾಷ್ಟ್ರ ಜಲಧಾರಾ ಟ್ರಸ್ಟ್ 1990ರ ದಶಕದ ಕೊನೆಯಿಂದ ಹಳ್ಳಿಗಳಲ್ಲಿ ಚೆಕ್ ಡ್ಯಾಮು ಕಟ್ಟಿಸುತ್ತ ಬಂತು. ಹಣ ಕೊಟ್ಟವರು ನಗರದಲ್ಲಿದ್ದರೂ ಯಾವ ಹಳ್ಳದ ನೀರು ಎಲ್ಲಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಹಳೆಯ ರೈತರದು. ಮಂಡಳಿಯಲ್ಲಿ ಮುದುಕರಿಗೆ ಮರ್ಯಾದೆ ಉಳಿದಿರುವುದು ಇಂಥ ತಿಳಿವಳಿಕೆ ಇನ್ನೂ ಕೆಲಸಕ್ಕೆ ಬರುವುದರಿಂದ.

ಊರಿಗೆ ಹೋಗಿಬರುವ ದಾರಿಯೂ ಹಿರಿಯರ ಆರೋಗ್ಯದ ಭಾಗವೇ. ಭಾರತೀಯ ರೈಲ್ವೆ 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನು ಹಿಂತೆಗೆಯಿತು. ಅದಕ್ಕೆ ಮುಂಚೆ ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಅದೇ ವರ್ಷದ ನವೆಂಬರ್ 8ರಂದು ಸೂರತ್ ಬಳಿಯ ಹಜೀರಾದಿಂದ ಖಂಭಾತ್ ಕೊಲ್ಲಿಯಾಚೆ ಸೌರಾಷ್ಟ್ರದ ಘೋಘಾಕ್ಕೆ ವಾಹನ ಹೊರುವ ಹಡಗು ಸಂಚಾರ ಶುರುವಾಗಿ, ಸುತ್ತು ಹಾಕಿ ಹೋಗುವ 370 ಕಿ.ಮೀ. ರಸ್ತೆ 90 ಕಿ.ಮೀ. ಸಮುದ್ರದಾರಿಗೆ ಇಳಿಯಿತು. ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಜೋತುಬಿಟ್ಟು ಕೂರಲಾಗದ ವಯಸ್ಸಿನವರಿಗೆ ಇದು ಸಣ್ಣ ಅನುಕೂಲವಲ್ಲ. ದೀಪಾವಳಿಗೆ ವಜ್ರದ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿದಾಗ ಕತಾರ್‌ಗಾಮ್‌ನ ಸೊಸೈಟಿಗಳು ಅರೆಬರಿದಾಗುತ್ತವೆ. ಪ್ರಯಾಣ ಮಾಡಲಾಗದ ಮುದುಕರಿಗೆ ವರ್ಷದಲ್ಲಿ ಅತಿ ಭಾರವಾದ ದಿನಗಳು ಅವೇ.

ಆರೋಗ್ಯದ ಚಿತ್ರ ಎರಡು ಕಾಲಘಟ್ಟಗಳ ಕಥೆ. ಇಂದು ಎಪ್ಪತ್ತರ ಆಸುಪಾಸಿನಲ್ಲಿರುವವರು ನಡುವಯಸ್ಸಿನಲ್ಲಿದ್ದಾಗ, 1994ರ ಸೆಪ್ಟೆಂಬರ್‌ನಲ್ಲಿ, ಸೂರತ್ತಿಗೆ ಪ್ಲೇಗು ಬಡಿಯಿತು. ವೇಡ್ ರಸ್ತೆ, ಕತಾರ್‌ಗಾಮ್‌ನ ಕಿಕ್ಕಿರಿದ ವಸತಿಗಳಿಂದಲೇ ಹೆಚ್ಚು ರೋಗಿಗಳು ಬಂದರು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಮರುವರ್ಷ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಚರಂಡಿ, ಕಸ, ಹೋಟೆಲುಗಳ ನೈರ್ಮಲ್ಯದ ಮೇಲೆ ಪಟ್ಟು ಹಿಡಿದರು. ಕೊಳಕಿಗೆ ಹೆಸರಾಗಿದ್ದ ಊರು ಎರಡೇ ವರ್ಷದಲ್ಲಿ ಸ್ವಚ್ಛತೆಗೆ ಹೆಸರಾಯಿತು. ಕೇಂದ್ರದ 2023ರ ಸ್ವಚ್ಛತಾ ಸಮೀಕ್ಷೆಯಲ್ಲಿ ಸೂರತ್ ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರು ತಾಪಿಯ ದಂಡೆ ಮೀರಿ ನಗರದ ಬಹುಭಾಗವನ್ನು ದಿನಗಟ್ಟಲೆ ಮುಳುಗಿಸಿದ್ದೂ ಈ ಪೀಳಿಗೆಯ ನೆನಪಿನಲ್ಲಿದೆ. ಹರಡುವ ರೋಗ ಮತ್ತು ನೆರೆಯ ವಿರುದ್ಧ ಊರು ಕಲಿತ ಪಾಠ ದೊಡ್ಡದು, ಅದನ್ನು ಒಪ್ಪಲೇಬೇಕು.

ಈಗಿನ ಶತ್ರು ಬೇರೆ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಪೊರೆ ಬಂದ ಕಣ್ಣು, ಖಿನ್ನತೆ. 2017–18ರಲ್ಲಿ ನಡೆದ ಭಾರತದ ಮೊದಲ ದೀರ್ಘಕಾಲಿಕ ವಾರ್ಧಕ್ಯ ಅಧ್ಯಯನ ದೇಶದಾದ್ಯಂತ 45 ದಾಟಿದ 72 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮುಟ್ಟಿತು. 2021ರ ಜನವರಿಯಲ್ಲಿ ವರದಿ ಹೊರಬಂದಾಗ, ಹಿರಿಯರಲ್ಲಿ ಶೇ 75ರಷ್ಟು ಜನ ಯಾವುದಾದರೂ ದೀರ್ಘಕಾಲದ ಕಾಯಿಲೆಯಿಂದ, ಶೇ 40ರಷ್ಟು ಜನ ಒಂದಿಲ್ಲೊಂದು ಅಂಗವೈಕಲ್ಯದಿಂದ, ಶೇ 20ರಷ್ಟು ಜನ ಮಾನಸಿಕ ತೊಂದರೆಯಿಂದ ಬಳಲುತ್ತಿರುವುದು ತಿಳಿಯಿತು. ಇಂಥ ಕಾಯಿಲೆಗಳಿಗೆ ಒಮ್ಮೆ ನಡೆಸುವ ದೊಡ್ಡ ಶಸ್ತ್ರಚಿಕಿತ್ಸೆಗಿಂತ ದಿನದಿನದ ಮಾತ್ರೆ, ತಿಂಗಳಿಗೊಮ್ಮೆ ಪರೀಕ್ಷೆ, ಜೊತೆಗೆ ಹೋಗುವ ಒಬ್ಬರು ಹೆಚ್ಚು ಬೇಕು.

ನಮ್ಮ ವ್ಯವಸ್ಥೆ ಮಾತ್ರ ದೊಡ್ಡ ಚಿಕಿತ್ಸೆಯ ಕಡೆಗೇ ವಾಲಿದೆ. ಕತಾರ್‌ಗಾಮ್‌ನಲ್ಲಿಯೇ 2017ರ ಏಪ್ರಿಲ್ 17ರಂದು ಪ್ರಧಾನಿ ಉದ್ಘಾಟಿಸಿದ ಕಿರಣ್ ಆಸ್ಪತ್ರೆ ಇದೆ. ಸಮಸ್ತ ಪಾಟೀದಾರ ಆರೋಗ್ಯ ಟ್ರಸ್ಟ್ ವಜ್ರೋದ್ಯಮಿಗಳ ದಾನದಿಂದ ಕಟ್ಟಿದ ಈ ಆಸ್ಪತ್ರೆ ಅಂಗಾಂಗ ಕಸಿಯವರೆಗೆ ಚಿಕಿತ್ಸೆ ಕೊಡುತ್ತದೆ. ಕೂಲಿಗೆ ಬಂದ ಸಮುದಾಯವೊಂದು ಎರಡು ತಲೆಮಾರಿನಲ್ಲಿ ಇಂಥ ಸಂಸ್ಥೆ ಎಬ್ಬಿಸಿದ್ದು ಹೆಮ್ಮೆಪಡುವ ಸಂಗತಿ. 2024ರ ಅಕ್ಟೋಬರ್ 29ರಿಂದ ಆಯುಷ್ಮಾನ್ ಭಾರತ್ ವಿಮೆ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ವಿಸ್ತರಣೆಯಾಯಿತು. ಆದರೆ ಆ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಹೊರರೋಗಿಯಾಗಿ ಕೊಳ್ಳುವ ಸಕ್ಕರೆ ಮಾತ್ರೆ, ಕನ್ನಡಕ, ಕಿವಿಯ ಯಂತ್ರ, ಹಲ್ಲು ಇವು ಕೈಯಿಂದಲೇ. ಅರವತ್ತಕ್ಕೂ ಎಪ್ಪತ್ತಕ್ಕೂ ನಡುವೆ ಇರುವ, ಘಂಟಿ ಬಿಟ್ಟ ರತ್ನ ಕಲಾಕಾರನ ಕುಟುಂಬ ಯೋಜನೆಯ ಅರ್ಹರ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ವಿಮೆಯೂ ದೂರ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, ಅನಂತರ 500 ರೂಪಾಯಿ. ಅದೂ ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರ. ರಾಜ್ಯಗಳು ತಮ್ಮ ಪಾಲು ಸೇರಿಸದಿದ್ದರೆ ಈ ಮೊತ್ತಕ್ಕೆ ಒಂದು ವಾರದ ಔಷಧಿಯೂ ಬಾರದು.

ಬಿಸಿಲಿನ ಮಾತು ಪ್ರತ್ಯೇಕವಾಗಿ ಆಡಬೇಕು, ಏಕೆಂದರೆ ಒಡನಾಟಕ್ಕೂ ಜೀವಕ್ಕೂ ಇರುವ ನಂಟು ಅಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವೆಂದು ಆಮೇಲೆ ಲೆಕ್ಕ ಸಿಕ್ಕಿತು. ಆ ಆಘಾತದಿಂದ ಹುಟ್ಟಿದ್ದು 2013ರ ಅಹಮದಾಬಾದ್ ಬಿಸಿಲು ಕ್ರಿಯಾಯೋಜನೆ, ದಕ್ಷಿಣ ಏಷ್ಯಾದಲ್ಲಿ ಮೊದಲನೆಯದು. ಮುನ್ಸೂಚನೆ, ಕುಡಿಯುವ ನೀರು, ಆಸ್ಪತ್ರೆಗಳ ಸಿದ್ಧತೆ ಅದರ ಅಂಗಗಳು. ಅಮೆರಿಕದ ಷಿಕಾಗೋದಲ್ಲಿ 1995ರ ಜುಲೈನ ಬಿಸಿಲಿಗೆ 700ಕ್ಕೂ ಹೆಚ್ಚು ಜನ ಸತ್ತದ್ದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಕಂಡದ್ದು ಈ ನಂಟನ್ನೇ: ಸಮಾನವಾಗಿ ಬಡವಾದ ಎರಡು ನೆರೆಯ ಬಡಾವಣೆಗಳಲ್ಲಿ, ಬೀದಿಯಲ್ಲಿ ಅಂಗಡಿ, ಓಡಾಟ, ಮಾತುಕತೆ ಇದ್ದ ಕಡೆ ಮುದುಕರು ಉಳಿದರು; ಬಾಗಿಲು ಹಾಕಿಕೊಂಡು ಒಂಟಿಯಾಗಿದ್ದ ಕಡೆ ಹೆಚ್ಚು ಮಂದಿ ಸತ್ತರು. ಸೂರತ್ ಸಮುದ್ರಕ್ಕೆ ಹತ್ತಿರವಾದ್ದರಿಂದ ಅಹಮದಾಬಾದಿನಷ್ಟು ಕಾಯುವುದಿಲ್ಲ, ಆದರೆ ತೇವದ ಸೆಕೆ ದೇಹವನ್ನು ತಣಿಯಗೊಡುವುದಿಲ್ಲ. ತಾರಸಿಯ ಕೆಳಗಿನ ಕೊನೆಯ ಮಹಡಿಯಲ್ಲಿರುವ, ಲಿಫ್ಟ್ ಇಲ್ಲದ ಕಟ್ಟಡದ ಅಜ್ಜಿಗೆ ಯಾವ ಸಂದೇಶಕ್ಕಿಂತಲೂ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟುವ ಪಕ್ಕದ ಮನೆಯವಳೇ ರಕ್ಷೆ.

ಸಂಗಾತಿ ತೀರಿಹೋದ ಮೇಲಿನ ಬದುಕಿನ ಬಗ್ಗೆ ಗುಜರಾತಿನಲ್ಲಿ ಒಂದು ದಿಟ್ಟ ಪ್ರಯತ್ನ ನಡೆದಿದೆ. 2001ರ ಜನವರಿ 26ರ ಕಛ್ ಭೂಕಂಪದಲ್ಲಿ ಅನೇಕರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡದ್ದನ್ನು ಕಂಡ ಅಹಮದಾಬಾದಿನ ನಾಥುಭಾಯಿ ಪಟೇಲ್, ಐವತ್ತು ದಾಟಿದವರಿಗಾಗಿ ಜೀವನಸಂಗಾತಿ ಸಮಾವೇಶಗಳನ್ನು ನಡೆಸತೊಡಗಿದರು. ಮಕ್ಕಳ ವಿರೋಧ, ಆಸ್ತಿಯ ಅಂಜಿಕೆ, ಜನ ಏನೆಂದಾರು ಎಂಬ ಮುಜುಗರ ಇವನ್ನೆಲ್ಲ ದಾಟಿ ಮದುವೆಯಾದವರಿದ್ದಾರೆ, ಮದುವೆಯಿಲ್ಲದೆ ಕೂಡಿ ಬಾಳಲು ನಿಶ್ಚಯಿಸಿದವರೂ ಇದ್ದಾರೆ. ವಿಧವೆಯರಿಗೆ ಈ ದಾರಿ ವಿಧುರರಿಗಿಂತ ಇನ್ನೂ ಬಹಳ ಕಿರಿದು.

ಹಿರಿಯರ ರಾಜಕೀಯಕ್ಕೆ ಸೂರತ್ತಿನಲ್ಲಿ ಹಳೆಯ ಬೇರಿದೆ. 1957ರಿಂದ ಸತತವಾಗಿ ಐದು ಬಾರಿ ಇಲ್ಲಿಂದ ಲೋಕಸಭೆಗೆ ಗೆದ್ದವರು ಮೊರಾರ್ಜಿ ದೇಸಾಯಿ. ಗುಜರಾತ್ ವಿಧಾನಸಭೆಗೆ ಚುನಾವಣೆ ನಡೆಸಬೇಕೆಂದು 1975ರ ಏಪ್ರಿಲ್‌ನಲ್ಲಿ ಅನಿರ್ದಿಷ್ಟ ಉಪವಾಸ ಕೂತಾಗ ಅವರಿಗೆ 79. ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದಾಗ 81. ಮುಪ್ಪು ರಾಜಕೀಯಕ್ಕೆ ಅಡ್ಡಿ ಎಂಬ ಮಾತನ್ನು ಸೂರತ್ ಎಂದೂ ನಂಬಿದ್ದಿಲ್ಲ.

ಇಂದಿನ ಕತಾರ್‌ಗಾಮ್‌ನಲ್ಲಿ ರಾಜಕೀಯ ಬೆಂಚಿನಿಂದಲೇ ಶುರುವಾಗುತ್ತದೆ. ಗುಜರಾತಿನ ನಗರಗಳಲ್ಲಿ ಕಾರ್ಪೊರೇಟರ್ ಅಥವಾ ಶಾಸಕರ ಅನುದಾನದಿಂದ ಹಾಕಿಸಿದ ಬೆಂಚುಗಳ ಬೆನ್ನಿಗೆ ಕೊಟ್ಟವರ ಹೆಸರು ಬರೆದಿರುತ್ತದೆ, ಅದರ ಮೇಲೆ ಕೂತವರು ಅವರ ಕೆಲಸದ ಲೆಕ್ಕ ಹಾಕುತ್ತಾರೆ. 2015ರ ಪಾಟೀದಾರ ಮೀಸಲಾತಿ ಚಳವಳಿಯಲ್ಲಿ ವರಾಛಾ, ಕತಾರ್‌ಗಾಮ್ ಕುದಿದಾಗ ಬೀದಿಗಿಳಿದವರು ಯುವಕರು. ಆದರೆ ಮನೆಯಲ್ಲಿ ದಶಕಗಳಿಂದ ಒಂದೇ ಪಕ್ಷಕ್ಕೆ ಮತ ಹಾಕುತ್ತಿದ್ದ ಹಿರಿಯರ ನಿಷ್ಠೆಯೂ ಅಲ್ಲಾಡಿತು. ಆರು ವರ್ಷಗಳ ಬಳಿಕ, 2021ರ ಫೆಬ್ರುವರಿಯ ಪಾಲಿಕೆ ಚುನಾವಣೆಯಲ್ಲಿ, 120 ಸ್ಥಾನಗಳ ಪೈಕಿ 93 ಬಿಜೆಪಿಗೆ ಹೋದರೂ 27 ಆಮ್ ಆದ್ಮಿ ಪಕ್ಷಕ್ಕೆ ದಕ್ಕಿದವು. ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. 2022ರ ವಿಧಾನಸಭೆ ಚುನಾವಣೆಯಲ್ಲಿ ಕತಾರ್‌ಗಾಮ್ ಮತ್ತೆ ಬಿಜೆಪಿಯ ವಿನೋದ್ ಮೊರಾಡಿಯಾ ಅವರನ್ನೇ ಆರಿಸಿತು. ಸೋತ ಆಪ್ ಅಭ್ಯರ್ಥಿ ಗೋಪಾಲ್ ಇಟಾಲಿಯಾ 2025ರ ಜೂನ್‌ನಲ್ಲಿ ಸೌರಾಷ್ಟ್ರದ ವಿಸಾವದರ್ ಉಪಚುನಾವಣೆಯಲ್ಲಿ ಗೆದ್ದರು. ಸೂರತ್ತಿನಲ್ಲಿ ಸೋತವರು ಕೊಲ್ಲಿಯಾಚೆ ಗೆಲ್ಲುವುದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಎರಡೂ ದಡಗಳ ನಡುವೆ ದಿನವೂ ಓಡಾಡುವ ಬಸ್ಸುಗಳನ್ನೂ ಮಿತ್ರಮಂಡಳಗಳನ್ನೂ ಬಲ್ಲವರಿಗೆ ಅದು ಸಹಜ. ಸೌರಾಷ್ಟ್ರದ ಅಭ್ಯರ್ಥಿಗಳು ಪ್ರಚಾರಕ್ಕೆ ಸೂರತ್ತಿಗೆ ಬಂದು ತಮ್ಮ ಊರವರ ಸಭೆ ಸೇರಿಸುವುದು ಅಲ್ಲಿನ ವಾಡಿಕೆ. ಮೊಮ್ಮಗ ಯಾರಿಗೆ ಮತ ಹಾಕಬೇಕೆಂದು ದಾದಾನನ್ನು ಕೇಳದಿದ್ದರೂ, ಊರಿನ ಪಂಚಾಯ್ತಿ ಚುನಾವಣೆಗೆ ಯಾರು ಯಾರ ಮನೆತನ ಎಂಬುದನ್ನು ದಾದಾನೇ ಹೇಳಬೇಕು.

ಮತಗಟ್ಟೆಗೆ ಹೋಗಲಾರದವರ ಮತ ಎಂಬ ಪ್ರಶ್ನೆಗೆ ಈಚೆಗೆ ಉತ್ತರವೊಂದು ಸಿಕ್ಕಿದೆ. ಚುನಾವಣಾ ನಿಯಮಗಳಿಗೆ 2019ರ ಅಕ್ಟೋಬರ್‌ನಲ್ಲಿ ಆದ ತಿದ್ದುಪಡಿಯಿಂದ 80 ದಾಟಿದವರು ಅಂಚೆ ಮತಪತ್ರ ಬಳಸಿ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. 2024ರ ಮಾರ್ಚ್‌ನಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಲಾಯಿತು. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆ ತುಂಬಿಕೊಡಬೇಕು. ಮತಗಟ್ಟೆ ಅಧಿಕಾರಿಗಳು, ಪೊಲೀಸರು, ವಿಡಿಯೋ ಚಿತ್ರೀಕರಿಸುವವರು ಮನೆಗೆ ಬರುತ್ತಾರೆ. ಅಭ್ಯರ್ಥಿಗಳಿಗೆ ಮುಂಚೆಯೇ ತಿಳಿಸಿರುತ್ತಾರೆ. ಮಂಚದ ಪಕ್ಕದಲ್ಲೇ ಮರೆ ಕಟ್ಟಿ ಗುಟ್ಟು ಕಾಪಾಡುತ್ತಾರೆ. ಗುಜರಾತಿನ 2022ರ ಚುನಾವಣೆಯಲ್ಲಿ 80 ದಾಟಿದ ಮತದಾರರು ಹತ್ತು ಲಕ್ಷದ ಸಮೀಪವಿದ್ದರು. ಕರ್ನಾಟಕದ 2023ರ ಮತಪಟ್ಟಿಯಲ್ಲಿ ಇಂಥವರು 12 ಲಕ್ಷಕ್ಕೂ ಹೆಚ್ಚು, ಅವರಲ್ಲಿ ನೂರು ದಾಟಿದವರೇ 16,976 ಮಂದಿ. ಕರ್ನಾಟಕದಲ್ಲಿ ಆ ಬಾರಿ ಮೊದಲ ಸಲ ಮನೆ ಮತದಾನ ನಡೆದಾಗ ಅದನ್ನು ಬಯಸಿದವರು ಅರ್ಹರಲ್ಲಿ ಸಣ್ಣ ಪಾಲು. ಕೆಲವರಿಗೆ ನಮೂನೆ ತಲುಪಿರಲಿಕ್ಕಿಲ್ಲ. ಆದರೆ ಬಹಳ ಮಂದಿಗೆ ಮತಗಟ್ಟೆಯ ಸಾಲೇ ಬೇಕು, ಅಲ್ಲಿ ನಾಲ್ಕು ಜನ ಸಿಗುತ್ತಾರೆ.

ಕತಾರ್‌ಗಾಮ್ ಸೇರಿರುವ ಸೂರತ್ ಲೋಕಸಭಾ ಕ್ಷೇತ್ರದ 2024ರ ಅನುಭವ ಮಾತ್ರ ನೋವಿನದು. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರದಲ್ಲಿನ ಸಹಿ ತಮ್ಮದಲ್ಲವೆಂದು ಸೂಚಕರೇ ಹೇಳಿದ್ದರಿಂದ ಏಪ್ರಿಲ್ 21ರಂದು ಅದು ತಿರಸ್ಕೃತವಾಯಿತು. ಉಳಿದ ಅಭ್ಯರ್ಥಿಗಳು ಹಿಂದೆ ಸರಿದರು. ಏಪ್ರಿಲ್ 22ರಂದು ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಆಯ್ಕೆಯಾದರೆಂದು ಘೋಷಣೆಯಾಯಿತು. ಮನೆ ಮತದಾನಕ್ಕೆ ನಮೂನೆ ಸಲ್ಲಿಸುವ ಐದು ದಿನಗಳ ಗಡುವು ಅಷ್ಟರಲ್ಲಿ ಮುಗಿದೇ ಹೋಗಿತ್ತು. ಮೇ 7ರಂದು ಗುಜರಾತಿನ ಉಳಿದ ಕ್ಷೇತ್ರಗಳು ಮತ ಹಾಕುತ್ತಿದ್ದಾಗ ಸೂರತ್ತಿನ ಮತದಾರರಿಗೆ ಮತವೇ ಇರಲಿಲ್ಲ. ಯುವಕನಿಗೆ ಇನ್ನೂ ಹತ್ತು ಚುನಾವಣೆಗಳು ಉಳಿದಿರುತ್ತವೆ. 85 ದಾಟಿದವರಿಗೆ ಒಂದು ಅವಕಾಶ ತಪ್ಪುವುದೆಂದರೆ, ಬಹುಶಃ ಕೊನೆಯದೇ ತಪ್ಪಿದ ಹಾಗೆ.

ಪಟ್ಟಿಯಲ್ಲಿ ಹೆಸರು ಎಲ್ಲಿರಬೇಕು ಎಂಬುದು ಇನ್ನೊಂದು ಗೋಜಲು. ಕಾನೂನಿನ ಪ್ರಕಾರ ಯಾರು ಎಲ್ಲಿ ಸಾಮಾನ್ಯವಾಗಿ ವಾಸಿಸುತ್ತಾರೋ ಅಲ್ಲಿ ಮತ. ಊರಿನಲ್ಲಿ ಹೊಲವಿಟ್ಟುಕೊಂಡು ವರ್ಷದ ಎಂಟು ತಿಂಗಳು ಸೂರತ್ತಿನ ಮಗನ ಮನೆಯಲ್ಲಿರುವ ಹಿರಿಯರು ಊರಿನ ಹೆಸರನ್ನು ತೆಗೆಸಲು ಒಪ್ಪುವುದಿಲ್ಲ. ಧಾರವಾಡದ ಮನೆಗೆ ಬೀಗ ಹಾಕಿ ಬೆಂಗಳೂರಿನ ಫ್ಲ್ಯಾಟಿಗೆ ಬಂದ ತಂದೆತಾಯಂದಿರದೂ ಇದೇ ಕಥೆ. ವೃದ್ಧಾಶ್ರಮಕ್ಕೆ ಸೇರಿದವರಾದರೆ 8ನೇ ನಮೂನೆ ತುಂಬಿ ಆಶ್ರಮದ ವಿಳಾಸಕ್ಕೆ ಹೆಸರು ವರ್ಗಾಯಿಸಿಕೊಳ್ಳಬೇಕು. ಕರೆದೊಯ್ಯುವವರಿಲ್ಲದೆ, ತುಂಬಿಕೊಡುವವರಿಲ್ಲದೆ ಅದು ಉಳಿದೇ ಹೋಗುತ್ತದೆ. ಗುಜರಾತ್ ಸೇರಿದಂತೆ ಹಲವು ರಾಜ್ಯಗಳಲ್ಲಿ 2025ರ ನವೆಂಬರ್ 4ರಿಂದ ಮತಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ ಆರಂಭವಾದಾಗ, ಎರಡು ದಶಕಗಳ ಹಿಂದಿನ ಪಟ್ಟಿಯಲ್ಲಿ ತಮ್ಮ ಅಥವಾ ತಂದೆತಾಯಿಯ ಹೆಸರು ಹುಡುಕಬೇಕಾಯಿತು. ಆಗ ಸೂರತ್ತಿಗೆ ಬಂದಿರದವರ ಹೆಸರು ಸೌರಾಷ್ಟ್ರದ ಯಾವುದೋ ಹಳ್ಳಿಯ ಮತಗಟ್ಟೆಯ ಪುಟದಲ್ಲಿರುತ್ತದೆ. ಮನೆಯ ಹಿರಿಯರ ನೆನಪು ಸರ್ಕಾರಿ ದಾಖಲೆಯಷ್ಟೇ ಬೆಲೆಬಾಳುವ ಸಂದರ್ಭ ಅದು.

ಮಗನ ಮನೆಯ ಆಸರೆ ತಪ್ಪಿದಾಗ ಕಾನೂನು ಒದಗುತ್ತದೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ನ್ಯಾಯಮಂಡಳಿಯ ಮುಂದೆ ವಕೀಲರಿಲ್ಲದೆಯೇ ದೂರು ಕೊಡಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಪೋಷಣೆ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯ ದಾನಪತ್ರವನ್ನು, ಆ ಷರತ್ತು ಮುರಿದರೆ, 23ನೇ ಕಲಮಿನಂತೆ ರದ್ದುಪಡಿಸಬಹುದು. ಪ್ರತಿ ಜಿಲ್ಲೆಗೂ ಕನಿಷ್ಠ 150 ಬಡ ಹಿರಿಯರಿಗೆ ಸಾಲುವ ಒಂದು ವೃದ್ಧಾಶ್ರಮ ಇರಬೇಕೆಂದು ಇದೇ ಕಾಯ್ದೆ ಹೇಳುತ್ತದೆ. 14567 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ 2021ರಿಂದ ಇದೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಸೇರಿ 2002ರಿಂದಲೇ 1090 ಸಹಾಯವಾಣಿ ನಡೆಸಿ ದಾರಿ ತೋರಿಸಿದ್ದರು. ಆದರೆ ಮಗನ ಮೇಲೆ ದೂರು ಕೊಡುವುದಕ್ಕೆ ತಾಯಿಯ ಮನಸ್ಸು ಒಪ್ಪುವುದಿಲ್ಲ. ಊರಿನ ಮಂಡಳಿಯ ಹಿರಿಯರು ನಡುವೆ ಬಂದು ಆಡುವ ನಾಲ್ಕು ಮಾತಿಗೆ ಕತಾರ್‌ಗಾಮ್‌ನಲ್ಲಿ ನ್ಯಾಯಮಂಡಳಿಯ ಆದೇಶಕ್ಕಿಂತ ತೂಕ ಜಾಸ್ತಿ. ಒಳ್ಳೆಯ ಮಂಡಳಿಯಾದರೆ ಸರಿ. ಮಗನ ಅಂತಸ್ತಿಗೆ ಅಂಜುವ ಮಂಡಳಿಯಾದರೆ ತಾಯಿಗೆ ನ್ಯಾಯವಿಲ್ಲ.

ಈ ಎಲ್ಲ ಬಲೆಯ ಹೊರಗೆ ಅದೇ ಕತಾರ್‌ಗಾಮ್‌ನಲ್ಲಿ ಇನ್ನೊಂದು ಜನವಿದೆ. ವೇಡ್ ರಸ್ತೆ, ಫೂಲ್‌ವಾಡಿ ಕಡೆಯ ವಿದ್ಯುತ್ ಮಗ್ಗಗಳಲ್ಲಿ ದುಡಿಯುವವರಲ್ಲಿ ಬಹುಮಂದಿ ಒಡಿಶಾದ ಗಂಜಾಂ ಜಿಲ್ಲೆಯವರು. ಹನ್ನೆರಡು ಗಂಟೆಯ ಪಾಳಿ, ಕಿವಿ ಗಡಚಿಕ್ಕುವ ಸದ್ದು. ‘ಮೆಸ್’ ಎನ್ನುವ ಕೋಣೆಗಳಲ್ಲಿ ಹಗಲಿನವರು ಎದ್ದು ಹೋದ ಜಾಗದಲ್ಲೇ ರಾತ್ರಿ ಪಾಳಿಯವರು ಮಲಗುವ ವಾಸ. ಹೆಂಡತಿ ಮಕ್ಕಳು ಊರಿನಲ್ಲಿಯೇ. ಇವರಲ್ಲಿ ಮುದುಕರು ಕಾಣುವುದಿಲ್ಲ, ಏಕೆಂದರೆ ಕಿವಿ ಮಂದವಾಗಿ ಮೈ ಸೋತವರು ಇಲ್ಲಿ ಉಳಿಯಲಾರರು. ಮೂವತ್ತು ವರ್ಷ ಸೂರತ್ತಿಗೆ ಬಟ್ಟೆ ನೇಯ್ದವರು ಬರಿಗೈಯಲ್ಲಿ ಗಂಜಾಂ ರೈಲು ಹತ್ತುತ್ತಾರೆ. ಅವರ ಮತ ಅಲ್ಲಿ, ವೃದ್ಧಾಪ್ಯ ವೇತನದ ಅರ್ಜಿ ಅಲ್ಲಿನ ಪಂಚಾಯ್ತಿಯಲ್ಲಿ, ಕಿವಿಯ ಚಿಕಿತ್ಸೆಯ ಖರ್ಚು ಅಲ್ಲಿನ ಮನೆಯವರ ಮೇಲೆ. ಸೂರತ್ತಿನ ಪಾಲಿಕೆಯ ಲೆಕ್ಕದಲ್ಲೂ ಕಾರ್ಖಾನೆಯ ಹಾಜರಿ ಪುಸ್ತಕದಲ್ಲೂ ಅವರ ಮುಪ್ಪಿಗೆಂದು ತೆಗೆದಿಟ್ಟ ಹಣವಿಲ್ಲ. ಪಾಟೀದಾರರಿಗೆ ಆಸ್ಪತ್ರೆಯೂ ಮಂಡಳಿಯೂ ಬೆಂಚೂ ದೊರೆತದ್ದು ಅವರು ಕುಟುಂಬ ಸಮೇತ ನೆಲೆಯೂರಿ, ಮತದಾರರಾಗಿ, ಪಾಲಿಕೆಯಲ್ಲಿ ತಮ್ಮವರನ್ನು ಕೂರಿಸಿದ ಮೇಲೆ. ಮಗ್ಗದವರಿಗೆ ಸಂಸಾರ ತರಲು ಕೋಣೆಯಿಲ್ಲ, ಸಂಸಾರವಿಲ್ಲದೆ ವಿಳಾಸವಿಲ್ಲ, ವಿಳಾಸವಿಲ್ಲದೆ ಮತವಿಲ್ಲ. ಬಾಡಿಗೆ ವಸತಿ, ಭವಿಷ್ಯನಿಧಿಯ ಕಡ್ಡಾಯ ಪಾವತಿ, ರಾಜ್ಯದಿಂದ ರಾಜ್ಯಕ್ಕೆ ಜೊತೆಗೇ ಸಾಗುವ ವೃದ್ಧಾಪ್ಯ ವೇತನ ಈ ಮೂರೂ ಒಟ್ಟಿಗೆ ಬಂದಾಗ ಮಾತ್ರ ವೇಡ್ ರಸ್ತೆಯ ನೇಕಾರನೊಬ್ಬ ಎಪ್ಪತ್ತರಲ್ಲಿ ಕತಾರ್‌ಗಾಮ್‌ನ ನಿವಾಸಿಯಾಗಿ ಉಳಿಯಬಲ್ಲ.